ಮರಳಿ ಬಂದ ಡಬ್ಬಿ

ಡಬ್ಬಿಯೊಳಗೆ ಬಿಳಿ ಪುಡಿ ಸಿಕ್ಕಿದೆ ಎಂದು ಓದಿದಾಗ ಮಾನಸಳಿಗೆ ಮೊದಲು ಆದದ್ದು ಗಾಬರಿಯಲ್ಲ, ಒಂದು ಬಗೆಯ ಸಮಾಧಾನ. ಹೀಗೇ ಏನಾದರೂ ಆಗುತ್ತದೆ ಎಂದು ಅವಳಿಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಇನ್ನೂ ಆಗಿಲ್ಲವಲ್ಲ ಎಂಬುದೇ ಇಷ್ಟು ದಿನ ಅವಳ ನಿದ್ದೆ ಕೆಡಿಸಿತ್ತು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೋ ಹಾಕಿದ್ದರು. ಸ್ಟೀಲಿನ ಡಬ್ಬಿ, ತೆರೆದ ಮುಚ್ಚಳ, ತಳದಲ್ಲಿ ತೇವಕ್ಕೆ ಕರಗಿ ಮತ್ತೆ ಗಟ್ಟಿಯಾದಂಥ ಬಿಳಿಯ ಪುಡಿ. ಕೆಳಗೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಪ್ರಶ್ನೆಗಳು. ಇಲಿ ಪಾಷಾಣವೇ? ಸೋಪಿನ ಪುಡಿಯೇ? ಮಕ್ಕಳು ಇದರಲ್ಲಿ ತಿನ್ನುತ್ತಾರಲ್ಲ, ಯಾರು ಹೊಣೆ? ಹೊಣೆ ಅವಳೇ. ಚೆನ್ನೈಯ ಅಡ್ಯಾರಿನ ಈ ಒಂದು ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗ ತೆಗೆಸಿ, ಕಾಲುದಾರಿ ಅಗಲ ಮಾಡಿಸಿ, ಮರಕ್ಕೊಂದು ಬೆಂಚು ಹಾಕಿಸಿ, ಜನ ಮನೆಯಿಂದ ನಡೆದು ಬಂದು ಹೋಟೆಲಿನ ತಿಂಡಿಯನ್ನು ಪ್ಲಾಸ್ಟಿಕ್ಕಿನ ಬದಲು ಸ್ಟೀಲಿನ ಡಬ್ಬಿಯಲ್ಲಿ ಒಯ್ಯುವಂತೆ ಮಾಡಿದವಳು ಅವಳು. ಡಬ್ಬಿಗೆ ಠೇವಣಿ ಇಲ್ಲ, ಹೆಸರು ಬರೆಸುವುದಿಲ್ಲ. ತಿಂದು ಮುಗಿಸಿ ಬೀದಿಯ ನಡುವಿನ ಗೂಡಿನಲ್ಲಿ ತಂದಿಟ್ಟರಾಯಿತು; ಹೋಟೆಲಿನವರು ತೊಳೆದು ಬಿಸಿನೀರಿನಲ್ಲಿ ಅದ್ದಿ ಮತ್ತೊಬ್ಬರಿಗೆ ಕೊಡುತ್ತಾರೆ. ಒಬ್ಬರು ಉಂಡ ಪಾತ್ರೆಯಲ್ಲಿ ಇನ್ನೊಬ್ಬರು ಉಣ್ಣುವ ಈ ಏರ್ಪಾಡಿಗೆ ಅವಳೇ ‘ನಂಬಿಕೆಯ ಬೀದಿ’ ಎಂದು ಹೆಸರಿಟ್ಟಿದ್ದಳು. ಅವಳು ಮಾತ್ರ ಈವರೆಗೆ ಆ ಡಬ್ಬಿಯಲ್ಲಿ ಒಂದು ತುತ್ತೂ ತಿಂದಿರಲಿಲ್ಲ. ಮಧ್ಯಾಹ್ನ ಪಾಲಿಕೆಯ ಅಧಿಕಾರಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಇನ್ನೂ ಕೆಲವು ಬೀದಿಗಳು ಸಿಗುತ್ತವೆ, ಒಪ್ಪದಿದ್ದರೆ ಇದೂ ನಿಲ್ಲುತ್ತದೆ.

ಕಾಫಿಗೆ ಸಕ್ಕರೆ ಹಾಕಲು ಭರಣಿ ತೆಗೆದಳು. ಭರಣಿಯ ಗಾಜಿನ ಮೇಲೆ ಅವಳೇ ಸ್ಕೆಚ್ ಪೆನ್ನಿನಿಂದ ಎಳೆದ ಸಣ್ಣ ಗೆರೆಯಿತ್ತು. ಸಕ್ಕರೆ ಅದಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಕೆಲಸದ ಸೆಲ್ವಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಾಳೆ ಎಂಬ ಅನುಮಾನ ಹುಟ್ಟಿ ತಿಂಗಳಾಗಿತ್ತು. ಗಂಡ ನಿಶಾಂತ್ ಕೇಳಿ ನಕ್ಕಿದ್ದ, ಒಂದು ಮುಷ್ಟಿ ಸಕ್ಕರೆಗೆ ಪೊಲೀಸು ಕರೆಸುತ್ತೀಯಾ ಎಂದಿದ್ದ. ಸಕ್ಕರೆಯ ಪ್ರಶ್ನೆಯಲ್ಲ ಎಂದು ಅವನಿಗೆ ಹೇಗೆ ತಿಳಿಸುವುದು? ತನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ, ಎಲ್ಲರೂ ಅದರಲ್ಲಿ ಸೇರಿದ್ದಾರೆ, ತನಗೊಬ್ಬಳಿಗೆ ಗೊತ್ತಿಲ್ಲ ಎಂಬುದರ ಪ್ರಶ್ನೆ. ಬಾಗಿಲಲ್ಲಿ ಅತ್ತೆ ಬೋರಮ್ಮ ಬಂದು ನಿಂತಿದ್ದರು. ಮಂಡ್ಯದ ಕಡೆಯ ಊರು ಬಿಟ್ಟು ಮಗನ ಮನೆಗೆ ಬಂದು ವರ್ಷವಾದರೂ ಅವರು ಈ ಅಡುಗೆಮನೆಗೆ ಕೇಳಿಯೇ ಕಾಲಿಡುತ್ತಿದ್ದರು. “ಸಕ್ರೆ ಮುಗ್ದೋಯ್ತಾ ಮಗ?” ಎಂದರು. “ಮುಗಿದಿಲ್ಲ ಅತ್ತೆ, ಯಾರೋ ಮುಗಿಸ್ತಿದ್ದಾರೆ. ಸೆಲ್ವಿ ಬಂದಾಗ ಸ್ವಲ್ಪ ಕಣ್ಣಿಟ್ಟಿರಿ.” ಬೋರಮ್ಮ ಏನೋ ಹೇಳಲು ಬಾಯಿ ತೆರೆದು, “ಇರುವೆ ಗಿರುವೆ ತಿಂದಿರ್ತವೆ ಬುಡು,” ಎಂದು ಸೆರಗಿನ ಅಂಚು ಹಿಂಡಿಕೊಂಡರು. ದೇವರ ಪಟದ ಮುಂದೆ ಇವತ್ತೂ ಒಂದು ನಂದಿಬಟ್ಟಲು ಹೂವಿತ್ತು, ಆದರೆ ಹೊಸದಲ್ಲ, ಎರಡು ಮೂರು ದಿನದ ಹಳೆಯದು, ಅಂಚು ಕಂದಿತ್ತು. ಈ ಹೂವು ಎಲ್ಲಿಂದ ಬರುತ್ತದೆ? ಯಾರ ಮನೆಯ ಕಾಂಪೌಂಡಿನಿಂದ ಕೀಳುತ್ತಾರೆ ಇವರು? ಒಂದು ದಿನ ಅದಕ್ಕೂ ದೂರು ಬರುತ್ತದೆ. “ಮೌನ, ತಿಂಡಿ ತಿಂದೇನವ್ವ?” ಎಂದು ಬೋರಮ್ಮ ಮೊಮ್ಮಗಳನ್ನು ಕೇಳಿದರು. ಮೌನ ಶೂ ಹಾಕಿಕೊಳ್ಳುತ್ತ, “ಸಾಪ್ಟಾಚ್ಚು ಅಜ್ಜಿ, ಬಸ್ ವಂದಿಡುಚ್ಚು,” ತಿಂದಾಯಿತು, ಬಸ್ಸು ಬಂತು ಎಂದು ತಮಿಳಿನಲ್ಲೇ ಹೇಳಿ ಓಡಿದಳು. ಬೋರಮ್ಮ ಅರ್ಥವಾದವರಂತೆ ತಲೆಯಾಡಿಸಿದರು.

ಬೀದಿಗಿಳಿದಾಗ ಬಿಸಿಲಿಗೆ ಆಗಲೇ ಕಾವು ಬಂದಿತ್ತು. ಮಾನಸ ಸಭೆಗಳಲ್ಲಿ ಹೇಳುವ ಮಾತೊಂದಿತ್ತು: ಜನರಿಗೆ ಬುದ್ಧಿ ಹೇಳಬೇಡಿ, ಜಾಗ ಬದಲಿಸಿ. ಕೈಗೆ ಎಟಕುವಲ್ಲಿ ಡಬ್ಬಿ ಇಡಿ, ಕೈಗೆ ಎಟಕದ ಕಡೆ ಪ್ಲಾಸ್ಟಿಕ್ ಇಡಿ. ಕಾರು ನಿಲ್ಲಿಸುವುದು ಕಷ್ಟವಾಗಲಿ, ನಡೆಯುವುದು ಸುಲಭವಾಗಲಿ. ಆಮೇಲೆ ಜನರ ಸೋಮಾರಿತನವೇ ಅವರಿಂದ ಒಳ್ಳೆಯ ಕೆಲಸ ಮಾಡಿಸುತ್ತದೆ. ಈ ಮಾತಿಗೆ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ತಟ್ಟುವವರಿಗೆ ತಿಳಿಯದಿದ್ದದ್ದು ಏನೆಂದರೆ, ತಾನಾಗಿಯೇ ಒಳ್ಳೆಯದು ಮಾಡುವ ಮನುಷ್ಯ ಇದ್ದಾನೆಂದು ಅವಳು ನಂಬುತ್ತಲೇ ಇರಲಿಲ್ಲ. ಪೇಪರ್ ತಟ್ಟೆ, ಪ್ಲಾಸ್ಟಿಕ್ ಕವರು ಮಾರುವ ಅಂಗಡಿಯವನು ಕೈಮುಗಿದು ವಣಕ್ಕಂ ಹೇಳಿದ. ಇವನ ವ್ಯಾಪಾರ ಅರ್ಧಕ್ಕರ್ಧ ಬಿದ್ದಿದೆ, ಇವನೇಕೆ ನಗುತ್ತಾನೆ? ಮೂಲೆಗೆ ಸರಿಸಿದ ಸ್ಟ್ಯಾಂಡಿನಲ್ಲಿ ಆಟೋದವರು ಅವಳನ್ನು ಕಂಡು ಮಾತು ನಿಲ್ಲಿಸಿದರು. ತನ್ನ ಕಾರನ್ನು ಈಗ ಎರಡು ಬೀದಿಯಾಚೆ ನಿಲ್ಲಿಸಿ ಬರಬೇಕಾದ ನಿವೃತ್ತ ಇಂಜಿನಿಯರು ಬೆಂಚಿನ ಮೇಲೆ ಪೇಪರು ಹಿಡಿದು ಕೂತಿದ್ದ, ಅದು ಅವಳು ಹಾಕಿಸಿದ ಬೆಂಚು, ಆದರೂ ತಲೆಯೆತ್ತಲಿಲ್ಲ. ಇವರಲ್ಲಿ ಯಾರ ಕಿಸೆಯಲ್ಲಿ ಬೇಕಾದರೂ ಆ ಬಿಳಿ ಪುಡಿಯ ಪೊಟ್ಟಣ ಇರಬಹುದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮೈಸೂರಿನ ಮನೆಯಲ್ಲಿ ಅಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದಳು. ಪಕ್ಕದ ಮನೆಯವರು ಬಟ್ಟಲಲ್ಲಿ ಪಾಯಸ ಕಳಿಸಿದರೆ ಬಾಗಿಲಲ್ಲಿ ನಗುನಗುತ್ತ ತೆಗೆದುಕೊಂಡು, ಹಿತ್ತಿಲಿಗೆ ಹೋಗಿ ಮೂಸಿ ನೋಡಿ, ಹಸುವಿನ ಬಾನಿಗೆ ಸುರಿಯುತ್ತಿದ್ದಳು. ಯಾರು ಏನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿರುತ್ತಾರೋ. ಸುರಿದಾದ ಮೇಲೆ ಬಟ್ಟಲು ತೊಳೆದು, ಅದರಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಹೋಗು ಕೊಟ್ಟು ಬಾ ಎಂದು ಮಗಳನ್ನು ಕಳಿಸುತ್ತಿದ್ದಳು. ತಾನು ಕೊಟ್ಟದ್ದನ್ನು ಅವರೂ ಬಾನಿಗೆ ಸುರಿಯುತ್ತಾರೋ ಏನೋ ಎಂದು ಆ ವಯಸ್ಸಿನಲ್ಲೇ ಮಾನಸಳಿಗೆ ಅನ್ನಿಸಿತ್ತು.

ಹೋಟೆಲು ರಜತನದು. ಅವನ ಅಜ್ಜ ಕಾರ್ಕಳದ ಕಡೆಯಿಂದ ಬಂದು ಕೋಡಂಬಾಕ್ಕಂನಲ್ಲಿ ಸ್ಟುಡಿಯೋ ಜನರಿಗೆ ಇಡ್ಲಿ ಕೊಡುತ್ತಿದ್ದವರು. ಮೊಮ್ಮಗ ಅಡ್ಯಾರಿನಲ್ಲಿ ಎ.ಸಿ. ಹಾಕಿಸಿದ್ದ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, “ಗ್ರೂಪಿನಲ್ಲಿ ನಮ್ಮ ಹೋಟೆಲಿನ ಹೆಸರು ಬಂದಿದೆ ಮೇಡಂ. ಬೆಳಗ್ಗೆಯಿಂದ ಒಂದೂ ಪಾರ್ಸೆಲ್ ಹೋಗ್ಲಿಲ್ಲ ಮಾರಾಯ್ರೆ. ಎಂತ ಮಾಡುವುದು?” ಎಂದ. ಫೋಟೋದಲ್ಲಿದ್ದ ಡಬ್ಬಿಯನ್ನು ಅವನು ಪೇಪರಿನಲ್ಲಿ ಸುತ್ತಿ ಮೇಜಿನಡಿಗೆ ಇಟ್ಟಿದ್ದ. ಮಾನಸ ಅದನ್ನು ಮುಟ್ಟದೆ, ಬಗ್ಗಿ ನೋಡಿದಳು.

“ಗೂಡಿಗೆ ಬಂದ ಡಬ್ಬಿ ತೊಳೆಯೋವರೆಗೆ ಯಾರ ಕೈಯಲ್ಲಿರುತ್ತೆ?”

“ಐತನ ಕೈಯಲ್ಲಿ. ಆದರೆ ಅವ ನಿನ್ನೆ ಮೊನ್ನೆ ಇರ್ಲೇ ಇಲ್ಲ, ಜ್ವರ. ತೆಗೆಯುವವರಿಲ್ಲದೆ ಗೂಡು ತುಂಬಿತು, ಯಾರೋ ಮುಚ್ಚಳ ತೆಗೆದು ನೋಡಿದ್ದಾರೆ.”

“ಅಂದರೆ ಅವನಿಲ್ಲದ ದಿನ ಇದು ಹೊರಗೆ ಬಿತ್ತು. ಅವನಿದ್ದ ದಿನಗಳಲ್ಲಿ ಇದು ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಂಡವನು ಅವನೇ ಅಂತಾಯ್ತು.”

ರಜತ ಅವಳ ಮುಖವನ್ನೇ ನೋಡಿದ. ಅವನಿಗೆ ಹೀಗೆ ಹೊಳೆದಿರಲಿಲ್ಲ. ಮಾನಸಳಿಗೂ ಆ ಮಾತು ಬಾಯಿಂದ ಹೊರಟ ಮೇಲೆಯೇ ಹೊಳೆದದ್ದು, ಆದರೆ ಹೊರಟ ಮೇಲೆ ಅದು ಎಷ್ಟು ಸರಿಯಾಗಿ ಕೂತಿತೆಂದರೆ ಬೇರೆ ಯಾವ ಮಾತಿಗೂ ಅಲ್ಲಿ ಜಾಗ ಉಳಿಯಲಿಲ್ಲ. “ಅವ ಅಂಥವ ಅಲ್ಲ ಮೇಡಂ,” ಎಂದ ರಜತ, ಸ್ವಲ್ಪ ತಡವಾಗಿ. ಆ ತಡವನ್ನು ಅವಳು ಗಮನಿಸಿದಳು. ಐತ ಇಪ್ಪತ್ತು ವರ್ಷ ಈ ಹೋಟೆಲಿನ ಹಿಂದೆ ಪಾತ್ರೆ ತೊಳೆದವನು. ಬೀದಿಯಲ್ಲಿ ಎಲ್ಲರ ಕಣ್ಣೆದುರು ಇನ್ನೊಬ್ಬರು ತಿಂದ ಡಬ್ಬಿ ಎತ್ತುವ ಕೆಲಸ ಉಳಿದವರಿಗೆ ಬೇಡವಾಗಿತ್ತು, ಹಾಗಾಗಿ ಅದು ಅವನಿಗೆ ಬಂದಿತ್ತು. ಯೋಜನೆಯ ಹಸಿರು ಕೋಟು ತೊಟ್ಟು ಗೂಡಿನ ಪಕ್ಕದಲ್ಲಿ ನಿಂತ ಮೊದಲ ದಿನ ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ವಾರ ಕಳೆಯುವಷ್ಟರಲ್ಲಿ ಬರುವವರಿಗೆಲ್ಲ ವಣಕ್ಕಂ ಹೇಳತೊಡಗಿದ್ದ. ಗಲ್ಲಾದಲ್ಲಿ ಕೂತ ರಜತನಿಗೆ ಅದು ಅಷ್ಟು ಹಿತವಾಗಿರಲಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

ಐತನನ್ನು ಕರೆಸಿದರು. ಜ್ವರ ಬಿಟ್ಟ ಮುಖ, ಕುಗ್ಗಿದ ಕಣ್ಣು, ಮೇಲೆ ಇಸ್ತ್ರಿ ಹಾಕಿದ ಹಸಿರು ಕೋಟು. ರಜತ ಪೇಪರು ಬಿಚ್ಚಿ ತೋರಿಸಿದ. ಐತ ಹತ್ತಿರಕ್ಕೂ ಬರದೆ, “ಅದು ಸಕ್ಕರೆ,” ಎಂದ.

“ಹೇಗೆ ಗೊತ್ತು?”

“ತಿಂದಿದ್ದೇನೆ ಮೇಡಂ. ದಿನಾ ಒಂದು ಡಬ್ಬಿಯಲ್ಲಿ ಇರ್ತದೆ. ಮೊದಲ ಸಲ ಮರೆತು ಬಿಟ್ಟಿದ್ದಾರೆ ಅಂದ್ಕೊಂಡೆ. ಮರುದಿನ ಮತ್ತೆ ಬಂತು. ತೊಳೆಯುವವನಿಗೆ ಅಂತ ಇಟ್ಟದ್ದು ಅಂತ ಗೊತ್ತಾಯ್ತು. ಚಾಕ್ಕೆ ಹಾಕಿ ಕುಡೀತಿದ್ದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾನಸ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಲ್ಲಿದ್ದ ಕೈಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಭರಣಿಯ ಗಾಜಿನ ಮೇಲಿನ ಗೆರೆ, ಎರಡು ಬೆರಳು ಕೆಳಗಿಳಿದ ಸಕ್ಕರೆ, ಸೆರಗು ಹಿಂಡಿಕೊಂಡ ಮುದುಕಿಯ ಕೈ. ಪಕ್ಕದ ಮನೆಯ ಬಟ್ಟಲು ಹಿಡಿದು ಚೆಲ್ಲದಂತೆ ನಡೆಯುತ್ತಿದ್ದ ಏಳು ವರ್ಷದ ಹುಡುಗಿ. ಯಾರಿಗೂ ಹೊಳೆಯದ್ದು ಅವಳಿಗೆ ಹೊಳೆಯಲೇಬೇಕಿತ್ತು, ಈ ಬೀದಿಯಲ್ಲಿ ಅವಳೊಬ್ಬಳಿಗಾದರೂ. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದು. ಇಷ್ಟೇ. “ಯಾರು ಇಟ್ಟದ್ದು?” ಎಂದು ಕೇಳಿದಳು, ಕೇಳಬಾರದಿತ್ತು ಎಂದು ಕೇಳುವಾಗಲೇ ತಿಳಿಯಿತು. ಐತ ಅವಳನ್ನು ನೋಡಿದ. ಆಮೇಲೆ ಹೊರಗಿನ ಬೇವಿನ ಮರದ ಕಡೆ ನೋಡಿ, “ಗೊತ್ತಿಲ್ಲ,” ಎಂದ. ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಾಯಿತೆಂಬುದೂ ಅವನಿಗೆ ಗೊತ್ತಾಗಿತ್ತು. ಆ ಕ್ಷಣದಲ್ಲಿ ಒಂದು ಮಾತು ಹೇಳಿ ನಕ್ಕುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು: ಅಯ್ಯೋ, ನಮ್ಮತ್ತೆಯ ಕೆಲಸ ಇದು, ಊರಿನ ಅಭ್ಯಾಸ. ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಗುಂಪುಗೂಡಿದ್ದರು, ಮೂರನೆಯ ಮೇಜಿನವರು ದೋಸೆ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು, ಮಧ್ಯಾಹ್ನ ಅಧಿಕಾರಿ ಬರುವವರಿದ್ದರು. ಇಡೀ ಬೀದಿಯ ಅಭ್ಯಾಸ ತಿದ್ದಲು ಹೊರಟವಳ ಮನೆಯಿಂದಲೇ ಬಂದದ್ದು ಎಂದು ಗುಂಪಿನಲ್ಲಿ ಓದಿ ಆ ನಿವೃತ್ತ ಇಂಜಿನಿಯರು ಎಷ್ಟು ಹೊತ್ತು ನಗಬಹುದು? ಎಲ್ಲರ ಮನೆಯ ದೋಸೆ ತೂತಾದರೆ ಇವಳ ಮನೆಯ ಕಾವಲಿಯೇ ತೂತು ಎನ್ನುತ್ತಾರೆ. ತನ್ನನ್ನು ಉಳಿಸಲು ಈ ಮನುಷ್ಯ ಸುಳ್ಳು ಹೇಳಿದ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ನಾಳೆ ಇದಕ್ಕೆ ಏನು ಕೇಳುತ್ತಾನೆ? ಏನೂ ಕೇಳದೆ ಯಾರಾದರೂ ಸುಳ್ಳು ಹೇಳುತ್ತಾರೆಯೇ?

“ಗೊತ್ತಿಲ್ಲದವರು ಇಟ್ಟದ್ದನ್ನು ತಿಂದೆಯಾ? ಯಾರಿಗೂ ಹೇಳದೆ?” ಎಂದಳು. ಇಷ್ಟು ತಿಂಗಳು ನೀವು ಎನ್ನುತ್ತಿದ್ದವಳ ಬಾಯಲ್ಲಿ ಏಕವಚನ ತಾನಾಗಿ ಬಂದಿತ್ತು. “ಜನ ತಿಂದ ಎಂಜಲು ಡಬ್ಬಿಯಲ್ಲಿದ್ದದ್ದನ್ನು ತಿಂದು, ಅದೇ ಕೈಯಲ್ಲಿ ಇನ್ನೊಬ್ಬರ ಡಬ್ಬಿ ಮುಟ್ಟೋದಾ?” ಎಂಜಲು ಎಂಬ ಪದ ಈ ಯೋಜನೆಯಲ್ಲಿ ಯಾರೂ ಬಳಸಕೂಡದು ಎಂದು ಅವಳೇ ನಿಯಮ ಮಾಡಿದ್ದಳು.  ಐತ ಸುಮ್ಮನಿದ್ದಷ್ಟೂ ಅವಳ ದನಿ ನಯವಾಗುತ್ತ ಹೋಯಿತು. ಇದು ಶಿಕ್ಷೆಯಲ್ಲ, ಆಹಾರ ಸುರಕ್ಷತೆಯ ವಿಷಯ, ಸದ್ಯಕ್ಕೆ ಗೂಡಿನ ಹತ್ತಿರ ಬೇರೆಯವರು ಇರಲಿ ಎಂದಳು. “ಹಾಗಾದರೆ ಸ್ವಲ್ಪ ದಿನ ಊರಿಗೆ ಹೋಗಿ ಬರ್ಲಿ ಬಿಡಿ. ಸಂಜೆಗೆ ಮಂಗಳೂರಿನ ರೈಲುಂಟಲ್ಲ,” ಎಂದ ರಜತ. ಈ ಸಲ ಅವನು ತಡಮಾಡಲಿಲ್ಲ. ಐತ ಕೋಟು ಬಿಚ್ಚಿ, ಮಡಚಿ, ಮೇಜಿನ ಮೇಲೆ ಡಬ್ಬಿಯ ಪಕ್ಕದಲ್ಲಿಟ್ಟ. ಅದರ ಕೆಳಗೆ ಅವನು ತೊಟ್ಟಿದ್ದ ಬನಿಯನ್ನಿನ ಭುಜದಲ್ಲಿ ತೂತಿತ್ತು. ಅವನು ಹಿಂದಿನ ಬಾಗಿಲಿಂದ ಹೋದ ಮೇಲೆ ಮಾನಸ ಅಲ್ಲೇ ನಿಂತು ಗುಂಪಿಗೆ ಬರೆದಳು: ವಿಚಾರಣೆ ಆಗಿದೆ, ಕಾರಣನಾದ ಸಿಬ್ಬಂದಿಯನ್ನು ತೆಗೆಯಲಾಗಿದೆ, ಎಲ್ಲ ಡಬ್ಬಿಗಳನ್ನು ಮತ್ತೊಮ್ಮೆ ಕುದಿಸಲಾಗುತ್ತಿದೆ. ಕಳಿಸಿದ ತಕ್ಷಣ ಮೆಚ್ಚುಗೆಯ ಹೆಬ್ಬೆರಳುಗಳು ಒಂದೊಂದಾಗಿ ಬಂದು ಬಿದ್ದವು.

ಅಧಿಕಾರಿ ಒಳ್ಳೆಯ ಮನುಷ್ಯ. ಜೀಪನ್ನು ದೂರದಲ್ಲೇ ಬಿಟ್ಟು ನಡೆದು ಬಂದರು, ಬೆಂಚಿನ ಮೇಲೆ ಕೂತು ನೋಡಿದರು, ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ವಿಚಾರಿಸಿದರು. ಬಿಳಿ ಪುಡಿಯ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಮಾನಸ ಹೇಳಿದ್ದನ್ನು ಕೇಳಿ, ಬೇಗನೆ ಕ್ರಮ ತೆಗೆದುಕೊಂಡಿರಿ, ಇದೇ ಮುಖ್ಯ, ಜನರಿಗೆ ಭಯ ಹುಟ್ಟಿದರೆ ಹೊಸ ಅಭ್ಯಾಸ ಮೊದಲು ಸಾಯುತ್ತದೆ ಎಂದು ತಮಿಳಿನಲ್ಲಿ ಹೇಳಿದರು. ರಜತ ಇಬ್ಬರ ಮುಂದೆಯೂ ಡಬ್ಬಿಯಲ್ಲಿ ಪೊಂಗಲ್ ತಂದಿಟ್ಟ. ನಿಮ್ಮ ಮನೆಯಲ್ಲೂ ಇದನ್ನು ಬಳಸುತ್ತೀರಾ ಎಂದು ಅವರು ಸುಮ್ಮನೆ ಕೇಳಿದರು. “ದಿನಾ ಸರ್, ನಮ್ಮತ್ತೆ ತರ್ತಾರೆ,” ಎಂದಳು. ಹಿಂದಿನ ದಿನ ಇದೇ ಉತ್ತರ ಕೊಟ್ಟಿದ್ದರೆ ಅದು ಅವಳ ಲೆಕ್ಕದಲ್ಲಿ ಸುಳ್ಳಾಗಿರುತ್ತಿತ್ತು. ಇವತ್ತು ಅದೇ ಮಾತು ನಿಜ, ಆದರೂ ಸುಳ್ಳು ಹೇಳುವಾಗಿನ ಹಾಗೆಯೇ ಕಿವಿ ಬಿಸಿಯಾಯಿತು. ಅವರು ತಿನ್ನತೊಡಗಿದ್ದರು, ಅವಳೂ ತಿನ್ನಬೇಕಾಯಿತು. ಡಬ್ಬಿಯ ಅಂಚಿನಲ್ಲಿ ಇನ್ನೊಬ್ಬರ ಚಮಚ ಕೊರೆದ ಗೀರುಗಳಿದ್ದವು. ನೆಗಡಿಯವರು, ಹಲ್ಲುಜ್ಜದವರು, ಮೊನ್ನೆ ಆಸ್ಪತ್ರೆಯಿಂದ ಬಂದವರು, ಎಲ್ಲರ ಬಾಯಿಯೂ ಅವಳ ಬಾಯಿಯ ಹತ್ತಿರ ಬಂದಂತಾಯಿತು. ಮೆಣಸನ್ನು ಕಚ್ಚದೆ ನುಂಗಿದಳು. ಇಪ್ಪತ್ತು ವರ್ಷ ಇದನ್ನೆಲ್ಲ ಬರಿಗೈಯಲ್ಲಿ ತೊಳೆದವನಿಗೆ ತಾನು ಎಂಜಲೆಂದೆ ಎಂಬುದು ಆಗ ನೆನಪಾಗಿ, ನಾಚಿಕೆ ಅಂದರೆ ನಾಚಿಕೆ, ಕಣ್ಣಲ್ಲಿ ನೀರು ಬಂತು. ಖಾರವೇ ಎಂದು ಅಧಿಕಾರಿ ನೀರು ಸರಿಸಿದರು.

ಮನೆಗೆ ಬಂದಾಗ ಸಂಜೆಯ ಗಾಳಿ ಬೀಸತೊಡಗಿತ್ತು. ಚಪ್ಪಲಿ ಬಿಡುವಾಗಲೇ ಅಡುಗೆಮನೆಯಲ್ಲಿ ಭರಣಿಯ ಮುಚ್ಚಳದ ಸದ್ದು ಕೇಳಿಸಿತು. ಬೋರಮ್ಮ ಕಟ್ಟೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡು, ಚಮಚೆಯನ್ನು ಭರಣಿಯ ಅಂಚಿಗೆ ತಟ್ಟಿ, ಹೆಚ್ಚಾದದ್ದನ್ನು ಹಿಂದಕ್ಕೆ ಉದುರಿಸುತ್ತಿದ್ದರು. ಸೊಸೆಯನ್ನು ಕಂಡು ಚಮಚೆ ಕೈಯಲ್ಲೇ ನಿಂತಿತು.

“ಹೋಟ್ಲು ಡಬ್ಬಿ ಕನವ್ವ. ಕೊಟ್ಬುಟ್ ಬರಾನ ಅಂತಿದ್ದೆ.”

“ಅದಕ್ಕೆ ಸಕ್ಕರೆ ಯಾಕೆ ಅತ್ತೆ?” ಉತ್ತರ ಗೊತ್ತಿದ್ದೂ ಕೇಳಿದಳು. ಬೇರೆ ಏನಾದರೂ ಹೇಳಲಿ, ಮರೆವು ಎನ್ನಲಿ, ಅರಳುಮರಳು ಎನ್ನಲಿ.

“ಬರಿ ಡಬ್ಬಿ ಹೆಂಗವ್ವ ಕೊಡಾದು? ಪರರ ಮನೆ ಪಾತ್ರೆ. ಸಕ್ರೆ ಕಮ್ಮಿಯಾಯ್ತು ಅಂತ ನೀನು ಬೆಳಿಗ್ಗೆ ಆ ಹೆಣ್ಣಿನ ಮ್ಯಾಲೆ ಹೇಳ್ದಾಗ ಬಾಯಿಗೆ ಬಂದಿತ್ತು. ಬಯ್ತೀಯೇನೋ ಅಂತ ಸುಮ್ಕಾದೆ. ಹಲ್ಲಿಲ್ಲ ನೋಡು, ಮುದ್ದೆ ತಣ್ಣಗಾದ್ರೆ ಇಳಿಯಕ್ಕಿಲ್ಲ. ಅಲ್ಲಿ ಇಡ್ಲಿ ಮೆತ್ತಗಿರ್ತದೆ.”

ಬೆಳಿಗ್ಗೆ ಮಾಡಿಟ್ಟು ಹೋದ ಮುದ್ದೆಯನ್ನು ಮಧ್ಯಾಹ್ನ ಅತ್ತೆ ತಿನ್ನುತ್ತಾರೆಂದು ಮಾನಸ ಒಂದು ವರ್ಷ ನಂಬಿದ್ದಳು, ಎಲ್ಲವನ್ನೂ ಅನುಮಾನಿಸುವವಳು ಇದನ್ನು ಮಾತ್ರ ನಂಬಿದ್ದಳು, ನಂಬುವುದು ಸುಲಭವಾಗಿತ್ತಲ್ಲ. ಬೋರಮ್ಮ ಮುಚ್ಚಳ ಒತ್ತುತ್ತ ಮಾತು ಮುಂದುವರಿಸಿದರು. “ಅಲ್ಲೊಬ್ಬ ಅವ್ನೆ, ಐತಪ್ಪ ಅಂತ. ನಮ್ ಮಾತು ಬತ್ತದೆ ಅವ್ನಿಗೆ. ಅವ್ನ ಮಾತು ಒಂಥರಾ ಪುಸ್ತಕದಂಗೆ, ಆದ್ರೂ ತಿಳೀತದೆ. ಅವ್ನೂ ನಂಗೆ ಬರಿ ಡಬ್ಬಿ ಕೊಡಕ್ಕಿಲ್ಲ ಕನವ್ವ, ಒಳಗಿಂದ ತಂದ್ಕೊಡೋವಾಗ ಇಡ್ಲಿ ಮ್ಯಾಲೆ ಬಾಳೆಲೆ ಚೂರು ಮಡಗಿ, ಅದರ ಮ್ಯಾಲೊಂದು ಹೂವ. ದೇವ್ರಿಗೆ ಮುಡ್ಸಿ ಅಮ್ಮ ಅಂತಾನೆ. ನಿನ್ನೆ ಮೊನ್ನೆ ಕಾಣ್ಲಿಲ್ಲ. ಇವತ್ತು ಹೋದ್ರೆ ಯಾರೋ ಬ್ಯಾರೆಯವ್ನು ನಿಂತವ್ನೆ, ಏನ್ ಕೇಳಿದ್ರೂ ತಮಿಳು. ಹುಸಾರಿಲ್ವೇನೋ ಐತಪ್ಪಂಗೆ. ನೀನು ಕಂಡ್ಯಾ?”

“ಕೊಡಿ ಅತ್ತೆ, ನಾನೇ ಕೊಟ್ಟು ಬರ್ತೀನಿ,” ಎಂದು ಮಾನಸ ಡಬ್ಬಿ ತೆಗೆದುಕೊಂಡಳು. ಅಲುಗಿದಾಗ ಒಳಗೆ ಸಕ್ಕರೆ ಸರಿಯುವ ಸದ್ದು. ದಾರಿಯುದ್ದಕ್ಕೂ ಗುಂಪಿಗೆ ಏನು ಬರೆಯಬೇಕೆಂದು ಮನಸ್ಸಿನಲ್ಲೇ ಬರೆದಳು. ಅದು ಸಕ್ಕರೆ, ನಮ್ಮ ಮನೆಯಿಂದ ಬಂದದ್ದು, ಐತನವರ ತಪ್ಪಿಲ್ಲ. ಮೂರೇ ಮಾತು. ಪೇಪರ್ ತಟ್ಟೆಯ ಅಂಗಡಿ ದಾಟುವಷ್ಟರಲ್ಲಿ ನಡುವಿನ ಮಾತು ಕಳಚಿಬಿತ್ತು. ಪುಡಿಯಿಂದ ಅಪಾಯವಿಲ್ಲ ಎಂದು ತಿಳಿದುಬಂದಿದೆ ಎಂದು ಬರೆದರೆ ಸಾಲದೇ? ತಿಳಿದುಬಂದಿದೆ ಎಂಬುದರಲ್ಲಿ ಯಾರ ಮನೆಯೂ ಇರುವುದಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಯಾರೋ ನಕ್ಕರು. ತನ್ನನ್ನೇ ನೋಡಿ ನಕ್ಕದ್ದೆಂದು ಅವಳಿಗೆ ಖಾತ್ರಿಯಾಯಿತು.

ಹೋಟೆಲಿನ ಹಿಂದಿನ ಓಣಿಗೆ ಅವಳು ಯೋಜನೆಯ ನಕ್ಷೆ ಹಿಡಿದು ಒಮ್ಮೆ ಬಂದಿದ್ದಳು, ಆಮೇಲೆ ಬಂದಿರಲಿಲ್ಲ. ಒದ್ದೆ ಕಲ್ಲು, ನಲ್ಲಿ, ಕಾಂಪೌಂಡಿಗೆ ಒತ್ತಿಕೊಂಡು ನಿಂತ ನಂದಿಬಟ್ಟಲು ಗಿಡ. ಗಿಡದ ತುಂಬ ಬಿಳಿಯ ಹೂವು. ಕೆಳಗೆ ಐತ ಬ್ಯಾಗಿನ ಪಕ್ಕದಲ್ಲಿ, ಊರಿಗೆ ಹೋಗುವಾಗ ತೊಡುವಂಥ ಬಿಳಿ ಶರಟು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ.

“ಐತ ಅವರೇ, ಅದು ಸಕ್ಕರೆಯೇ,” ಎಂದಳು.

“ಹೌದು ಮೇಡಂ.”

“ನೀವು ಊರಿಗೆ ಹೋಗೋದು ಬೇಡ. ನಾನು ರಜತ್ ಹತ್ತಿರ ಮಾತಾಡ್ತೀನಿ. ನಾಳೆಯಿಂದ ಮತ್ತೆ ನೀವೇ ಗೂಡಿನ ಹತ್ತಿರ ಇರಿ.”

ಐತ ಬ್ಯಾಗನ್ನು ಪಕ್ಕಕ್ಕೆ ಸರಿಸಿದ. “ಗ್ರೂಪಿನಲ್ಲಿ ಹಾಕಿದ್ದೀರಂತೆ. ಅಡುಗೆಯವರು ಓದಿ ಹೇಳಿದ್ರು. ನಾನು ಅಲ್ಲಿ ನಿಂತರೆ ಜನ ಅದನ್ನೇ ನೋಡ್ತಾರಲ್ಲ. ಅದನ್ನು ತೆಗೀತೀರಾ?”

“ತೆಗೀತೀನಿ. ವಿಷ ಅಲ್ಲ, ಏನೂ ಅಪಾಯ ಇಲ್ಲ ಅಂತ ಹಾಕ್ತೀನಿ.”

“ನಾನಲ್ಲ ಅಂತ? ಯಾರು ಇಟ್ಟದ್ದು ಅಂತ?”

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈಗ ಹೇಳಬೇಕು, ಈಗ, ಎಂದು ಅವಳಿಗೆ ಗೊತ್ತಿತ್ತು, ಬೆಳಿಗ್ಗೆ ಗೊತ್ತಿದ್ದ ಹಾಗೆಯೇ. “ಅದು... ಈಗಲೇ ಬೇಡ,” ಎಂದಳು. “ಇವತ್ತು ಅಧಿಕಾರಿಗಳು ಒಪ್ಪಿಕೊಂಡು ಹೋಗಿದ್ದಾರೆ. ಆದೇಶ ಒಂದು ಕೈಗೆ ಬರಲಿ. ಆಮೇಲೆ ಎಲ್ಲ ನಿಧಾನವಾಗಿ ಹೇಳೋಣ. ನಮ್ಮತ್ತೆಗೂ ವಯಸ್ಸಾಗಿದೆ, ಜನ ಏನಾದರೂ ಅಂದರೆ ತಡ್ಕೊಳಲ್ಲ.” ಅತ್ತೆಯ ಹೆಸರನ್ನು ಅಡ್ಡ ಹಿಡಿದದ್ದು ಅವಳಿಗೇ ಅಸಹ್ಯವಾಯಿತು.

“ನಾನು ಅಮ್ಮನ ಹೆಸರು ಹೇಳ್ಲಿಲ್ಲ,” ಎಂದ ಐತ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವನಂತೆ ಹೇಳಿದ. “ನೀವು ಹೇಳ್ತೀರಿ ಅಂತ ನಿಂತಿದ್ದೆ.”

ಮಾನಸ ಡಬ್ಬಿಯನ್ನು ಮುಂದಕ್ಕೆ ಹಿಡಿದಳು. “ಅತ್ತೆ ಕಳಿಸಿದ್ದಾರೆ.” ಅವನು ತೆಗೆದುಕೊಂಡು ಮುಚ್ಚಳ ಬಿಚ್ಚಿದ. ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿ ಎಂದು ಅವಳು ಎಷ್ಟು ಬಯಸಿದಳೆಂದರೆ, ಅವನ ಬೆರಳುಗಳನ್ನೇ ನೋಡುತ್ತ ನಿಂತಳು. ಒಂದು ಚಿಟಿಕೆ ಸಾಕಿತ್ತು. ಅವನು ಬಗ್ಗಿ ನಲ್ಲಿ ತಿರುಗಿಸಿದ. ಸಕ್ಕರೆ ನೀರಾಗಿ ಕಲ್ಲಿನ ಮೇಲೆ ಹರಿದು ಮೋರಿಗೆ ಹೋಯಿತು. ಸೋಪು ಹಚ್ಚಿ, ನಾರಿನಿಂದ ಉಜ್ಜಿ, ಮೂರು ಸಲ ಜಾಲಿಸಿ, ಹೆಗಲ ಮೇಲಿನ ಟವೆಲಿನಿಂದ ಒಳಗೆ, ಹೊರಗೆ, ಮುಚ್ಚಳದ ಅಂಚಿನ ಸಂದಿಯಲ್ಲಿ, ನೀರಿನ ಪಸೆ ಉಳಿಯದಂತೆ ಒರೆಸಿದ. ನಂದಿಬಟ್ಟಲಿನ ಒಂದು ಗೊಂಚಲು ಅವನ ಕೈಗೆ ತಾಗುವಷ್ಟು ಹತ್ತಿರ ಬಾಗಿತ್ತು. ಕೈ ಅತ್ತ ಹೋಗಲಿಲ್ಲ. ಮುಚ್ಚಳ ಹಾಕಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟು, “ಅಮ್ಮನಿಗೆ ಕೊಡಿ,” ಎಂದ. ಬ್ಯಾಗು ಎತ್ತಿಕೊಂಡು ಓಣಿಯ ಆಚೆ ತುದಿಯಿಂದ ಬಸ್ಸಿನ ರಸ್ತೆಯ ಕಡೆಗೆ ಹೊರಟ. ಮಾನಸಳಿಗೆ ಅವನನ್ನು ಕೂಗಿ ಕರೆಯಬೇಕೆನ್ನಿಸಿತು, ಆದರೆ ಕರೆದು ಏನು ಹೇಳುತ್ತೇನೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಡಬ್ಬಿಯನ್ನು ಗೂಡಿನಲ್ಲಿಟ್ಟು ಹೋಗಬಹುದಿತ್ತು. ಅಲ್ಲಿ ನಿಂತಿದ್ದ ಹೊಸಬ ಅದೇ ಹಸಿರು ಕೋಟು ತೊಟ್ಟು, ಅವಳತ್ತ ಕೈ ಚಾಚಿದ. ಅವಳು ಕೊಡಲಿಲ್ಲ. ಏಕೆಂದು ಅವಳಿಗೂ ತಿಳಿಯಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡು ಮನೆಯ ಕಡೆ ನಡೆದಳು. ಬೋರಮ್ಮ ಅಪಾರ್ಟ್‌ಮೆಂಟಿನ ಎದುರಿನ ಬೆಂಚಿಗೆ ಬಂದು ಕೂತಿದ್ದರು. ಆ ಬೆಂಚು ಅಲ್ಲಿ ಬೇಕೆಂದು ಮಾನಸ ನಾಲ್ಕು ಸಭೆಗಳಲ್ಲಿ ಜಗಳವಾಡಿದ್ದಳು. ವಯಸ್ಸಾದವರು ಬಂದು ಕೂರಲಿ ಎಂದು ವಾದಿಸುವಾಗ ಅವಳಿಗೆ ಯಾವ ಮುಖವೂ ನೆನಪಿಗೆ ಬಂದಿರಲಿಲ್ಲ.

“ಐತಪ್ಪ ಸಿಕ್ಕಿದ್ನಾ?” ಎಂದು ಬೋರಮ್ಮ ಕೈ ಚಾಚಿದರು. ಮಾನಸ ತಲೆಯಾಡಿಸಿ ಡಬ್ಬಿ ಕೊಟ್ಟಳು. ಮುದುಕಿಯ ಮುಖ ಅರಳಿತು, ಮುಚ್ಚಳ ತೆಗೆದರು. ಒಳಗೆ ನೋಡಿದರು. ಬೀದಿದೀಪದ ಕಡೆಗೆ ತಿರುಗಿಸಿ ಮತ್ತೆ ನೋಡಿದರು. ತಳವನ್ನು ಬೆರಳಿನಿಂದ ಸವರಿದರು, ಒಣಗಿತ್ತು.

“ಬರಿ ಡಬ್ಬಿ ಕಳ್ಸವ್ನೆ,” ಎಂದರು.  ಆಮೇಲೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಸೊಸೆಯ ಮುಖವನ್ನು ಆ ಮನೆಗೆ ಬಂದಮೇಲೆ ಮೊದಲ ಸಲವೆಂಬಂತೆ ನೆಟ್ಟಗೆ ನೋಡಿ ಕೇಳಿದರು:

“ಏನ್ ಮಾಡ್ಬುಟ್ಟೆ ಮಗ ಅವ್ನಿಗೆ?”